ಮಳೆಯ ಡ್ಯಾಶ್‌ಬೋರ್ಡ್ ಚೆಂದ ಕಂಡಿತು ಅಂತ ನಂಬಿಬಿಡಬೇಡಿ

ಹವಾಮಾನದ ಡೇಟಾಗೆ ಡ್ಯಾಶ್‌ಬೋರ್ಡ್ ಮಾಡೋಕೆ ಹೊರಟವರು, ಮಾಡಿಸೋಕೆ ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮ ತಂಡಕ್ಕೆ ಹೊರಗಿನವರೊಬ್ಬರು ಒಂದು ಮಾಡಿಕೊಟ್ಟಿದ್ದರು. ಭಾರತೀಯ ಹವಾಮಾನ ಇಲಾಖೆಯ ದಿನವಹಿ ಮಳೆ, ಅಕ್ಷಾಂಶ-ರೇಖಾಂಶದ ಲೆಕ್ಕದಲ್ಲಿ 0.25 ಡಿಗ್ರಿಯ ಚೌಕಗಳು, ಅದರಲ್ಲಿ ಕರ್ನಾಟಕದ ಭಾಗ. ಪೈಥಾನ್‌ನ ಎಕ್ಸ್‌ಅರೇ (ಇಂಥ ಚೌಕದ ಡೇಟಾ ಓದಿ ಲೆಕ್ಕ ಹಾಕುವ ಸಲಕರಣೆ), ಪ್ಯಾನೆಲ್ (ಡ್ಯಾಶ್‌ಬೋರ್ಡ್ ಕಟ್ಟುವ ಸಲಕರಣೆ) ಬಳಸಿದ್ದರು. ಸ್ಲೈಡರ್ ಎಳೆದರೆ ದಿನ ಬದಲಾಗುತ್ತದೆ, ನಕ್ಷೆಯೂ ಬದಲಾಗುತ್ತದೆ. ಅದನ್ನು ನಂಬಿ ಬರೆದ ವರದಿಯನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಬೇಕಾಯ್ತು.

ಮೊದಲನೆಯದು ಬಣ್ಣದ ಗೋಳು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವಲ್ಲ, ಆ ದಿನಗಳಿಗೆ ಹೋದರೆ ಕೊಡಗು ಕಡುನೀಲಿ. ಸರಿ. ಫೆಬ್ರವರಿಗೆ ಎಳೆದರೂ ಯಾವುದೋ ಮೂಲೆ ಅಷ್ಟೇ ಕಡುನೀಲಿ! ಆಯಾ ದಿನದ ಗರಿಷ್ಠ ನೋಡಿಕೊಂಡು ಬಣ್ಣ ಹಂಚಿಕೊಳ್ಳಲು ಬಿಟ್ಟಿದ್ದರು. ತುಂತುರಿಗೂ ಜಡಿಮಳೆಗೂ ಒಂದೇ ಬಣ್ಣ. ಸೊನ್ನೆಯಿಂದ 200 ಮಿ.ಮೀ. ಅಂತ ಮಿತಿಯನ್ನು ನೀವೇ ಕೊಟ್ಟುಬಿಡಿ. ಅದಕ್ಕೆ ಎಕ್ಸ್‌ಅರೇಯಲ್ಲಿ ವಿಮಿನ್ (vmin), ವಿಮ್ಯಾಕ್ಸ್ (vmax), ನಕ್ಷೆ ಬಿಡಿಸುವ ಎಚ್‌ವಿಪ್ಲಾಟ್‌ನಲ್ಲಿ ಸಿಲಿಮ್ (clim) ಅನ್ನುವ ಆಯ್ಕೆಗಳಿವೆ.

ಇದಾದರೂ ಕಣ್ಣಿಗೆ ಬೀಳುತ್ತದೆ. ಎರಡನೆಯದು ಬೀಳುವುದೇ ಇಲ್ಲ. ಈ ಡೇಟಾದಲ್ಲಿ ಅಂಕಿ ಇಲ್ಲದ ಚೌಕಗಳಲ್ಲಿ, ಅಂದರೆ ಸಮುದ್ರ, ದೇಶದ ಗಡಿಯಾಚೆಯ ಜಾಗಗಳಲ್ಲಿ, -999 ಅಂತ ತುಂಬಿರುತ್ತದೆ. ಮೈನಸ್ ಮಳೆ ಎಲ್ಲಿರುತ್ತದೆ ಅಂದುಕೊಂಡು ಅವರು ಅದನ್ನೆಲ್ಲ ಸೊನ್ನೆ ಮಾಡಿದ್ದರು. ಕರಾವಳಿಯ ನಾಲ್ಕು ಚೌಕ ತೆಗೆದುಕೊಳ್ಳಿ. ಮೂರರಲ್ಲಿ 80 ಮಿ.ಮೀ. ಮಳೆ, ನಾಲ್ಕನೆಯದು ಸಮುದ್ರ. ಸರಾಸರಿ 80 ಬರಬೇಕು, 60 ಬರುತ್ತದೆ. 60 ನೋಡಿದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಜುಲೈ ತಿಂಗಳ ಉಡುಪಿ, ದಕ್ಷಿಣ ಕನ್ನಡದ ಗ್ರಾಫ್‌ಗಳು ಹೀಗೇ ತಗ್ಗಿ ಕೂತಿದ್ದವು. ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಟ್ಟವರ ಶ್ರಮಕ್ಕೆ ಇದು ಅನ್ಯಾಯ. -999 ಇರುವಲ್ಲಿ ಖಾಲಿ (NaN) ಅಂತ ಗುರುತು ಹಾಕಿ, ಸೊನ್ನೆ ಹಾಕಬೇಡಿ. ಖಾಲಿ ಚೌಕಗಳನ್ನು ಎಕ್ಸ್‌ಅರೇ ತಾನಾಗಿಯೇ ಬಿಟ್ಟು ಸರಾಸರಿ ತೆಗೆಯುತ್ತದೆ.

ಪಕ್ಕದಲ್ಲಿ ಇಆರ್‌ಎ5 (ಯುರೋಪಿನ ಹವಾಮಾನ ಕೇಂದ್ರ ಮಾದರಿಯಿಂದ ಲೆಕ್ಕ ಹಾಕಿ ಕೊಡುವ ಜಾಗತಿಕ ಡೇಟಾ) ಇಟ್ಟು ಹೋಲಿಸುವುದಾದರೆ ಇನ್ನಷ್ಟು ಜೋಪಾನ. ಅದರಲ್ಲಿ ಮಳೆ ಇರುವುದು ಮೀಟರ್ ಲೆಕ್ಕದಲ್ಲಿ, ಸಮಯ ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. 16ರ ರಾತ್ರಿ ಹತ್ತಕ್ಕೆ ಸುರಿದದ್ದು ಇಆರ್‌ಎ5ರಲ್ಲಿ 16ಕ್ಕೆ, ಇಲಾಖೆಯ ಲೆಕ್ಕದಲ್ಲಿ 17ಕ್ಕೆ ಸೇರುತ್ತದೆ. ಸುಮ್ನೆ ತಾರೀಕು ನೋಡಿ ಜೋಡಿಸಿದರೆ ಕೆಟ್ಟಿತು.

ಬೇರೆಯವರಿಂದ ಮಾಡಿಸುತ್ತಿದ್ದರೆ ದುಡ್ಡು ಕೊಡುವ ಮೊದಲೇ ಕೋಡ್ ಕೇಳಿ ಇಸ್ಕೊಳ್ಳಿ. ಜುಲೈನ ಒಂದು ದಿನ, ಕರಾವಳಿಯ ಒಂದು ತಾಲೂಕು ಆರಿಸಿ, ಮೂಲ ಕಡತದಿಂದ ಕೈಯಾರೆ ಸರಾಸರಿ ತೆಗೆದು ತಾಳೆ ನೋಡಿ. ಅಂಕಿ ತಾಳೆಯಾಗಲಿಲ್ಲ ಅಂದರೆ ಡ್ಯಾಶ್‌ಬೋರ್ಡ್‌ನ ಲಿಂಕ್ ಯಾರಿಗೂ ಕಳಿಸಬೇಡಿ.