ಪ್ರೆಪ್ ಮಾತ್ರೆ, ಮಂಗಳೂರಿಂದ ಒಂದು ರಿವ್ಯೂ

ಮೊದಲೇ ಮಾರ್ಕ್ಸ್ ಹೇಳಿಬಿಡ್ತೇನೆ. ಮಾತ್ರೆಗೆ ಐದಕ್ಕೆ ನಾಲ್ಕೂವರೆ. ಅದು ಮಂಗಳೂರಲ್ಲಿ ಕೈಗೆ ಸಿಗುವ ರೀತಿಗೆ ಎರಡು, ಅದೂ ಸ್ವಲ್ಪ ಧಾರಾಳವಾಗಿ.

ಗೊತ್ತಿಲ್ಲದವರಿಗೆ: ಪ್ರೆಪ್ ಅಂದರೆ ಎಚ್‌ಐವಿ ಇಲ್ಲದವರು ಅದು ಬಾರದ ಹಾಗೆ ಮುಂಚೆಯೇ ತಗೊಳ್ಳುವ ಮಾತ್ರೆ. ಒಂದರಲ್ಲೇ ಎರಡು ಔಷಧಿ, ಟೆನೊಫೊವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಬಿನ್ 200. ವೈರಸ್ ಮೈಯೊಳಗೆ ಹೊಕ್ಕರೂ ಅದು ಹೆಚ್ಚಾಗಲು ಇವು ಬಿಡುವುದಿಲ್ಲ. ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಪಾಯ ಜಾಸ್ತಿ ಇರುವ ಎಲ್ಲರಿಗೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಸರಿಯಾಗಿ ತಗೊಂಡರೆ ಸೆಕ್ಸ್‌ನಿಂದ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ. 99ರಷ್ಟು ಕಡಿಮೆಯಾಗುತ್ತದೆ. ‘ಸರಿಯಾಗಿ’ ಅಂತ ಸುಮ್ನೆ ಹೇಳಿದ್ದಲ್ಲ. ಈ ಮಾತ್ರೆಯನ್ನು ಪರೀಕ್ಷಿಸಿದ 2010ರ ಐಪ್ರೆಕ್ಸ್ ಅಧ್ಯಯನದಲ್ಲಿ ಒಟ್ಟು ರಕ್ಷಣೆ ಶೇ. 44ಕ್ಕೇ ನಿಂತದ್ದಕ್ಕೆ ದೊಡ್ಡ ಕಾರಣ, ಮಾತ್ರೆ ಪಡೆದವರಲ್ಲಿ ತುಂಬಾ ಜನ ಅದನ್ನು ದಿನಾ ನುಂಗಿರಲೇ ಇಲ್ಲ.

ಈಗ ಕೊಳ್ಳುವ ಕಥೆ. ಜಗತ್ತಿಗೆಲ್ಲ ಇದನ್ನು ಕಡಿಮೆ ಬೆಲೆಗೆ ಮಾಡಿ ಕಳಿಸುವವರಲ್ಲಿ ನಮ್ಮ ದೇಶದ ಕಂಪನಿಗಳೂ ಇವೆ, ಆದರೆ ಇಲ್ಲಿನ ಮೆಡಿಕಲ್‌ಗಳಲ್ಲಿ ಕೇಳಿ ನೋಡಿ. ನಾನು ಚೀಟಿ ಕೊಟ್ಟ ಅಂಗಡಿಯವರು ಒಳಗಿನ ಹುಡುಗನಿಗೆ ಕೂಗಿದ್ದು ಹೀಗೆ: “ಎಚ್‌ಐವಿಯ ಮಾತ್ರೆ ಉಂಟಾ ನೋಡು ಮಾರಾಯ!” ಪಕ್ಕದಲ್ಲಿ ಕೆಮ್ಮಿನ ಸಿರಪ್ ಕೊಳ್ಳುತ್ತಿದ್ದ ಹೆಂಗಸು ಪರ್ಸನ್ನು ಇನ್ನೊಂದು ಕೈಗೆ ದಾಟಿಸಿದರು. ಆಮೇಲೆ ಅಂಗಡಿಯವರು ಸ್ವರ ತಗ್ಗಿಸಿ, “ಪೇಶಂಟ್ ನಿಮಗೆ ಯಾರಾಗಬೇಕು?” ಅಂದರು. ನಾನೇ ಅಂದೆ. ಬಾಟಲಿಯನ್ನು ಪೇಪರ್ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಕೌಂಟರ್ ಮೇಲಿಟ್ಟರು.

ಡಾಕ್ಟರೂ ಅಷ್ಟೇ. ಮೊದಲು ಹೋದವರು ಬಿಪಿ ನೋಡುತ್ತಲೇ “ಒಂದು ಮದುವೆ ಆಗಿ, ಎಲ್ಲ ಸರಿ ಆಗ್ತದೆ” ಅಂದರು. ಎರಡನೆಯವರು ಚರ್ಮರೋಗದ ಡಾಕ್ಟರು. ಅವರು ಮಾಡಬೇಕಾದ್ದನ್ನೇ ಮಾಡಿದರು: ಎಚ್‌ಐವಿ ಪರೀಕ್ಷೆ, ಕಿಡ್ನಿಗೆ ಕ್ರಿಯೇಟಿನಿನ್, ಜೊತೆಗೆ ಹೆಪಟೈಟಿಸ್ ಬಿ. ಈ ಕೊನೆಯದ್ದು ಯಾಕೆಂದರೆ ಇದೇ ಔಷಧಿ ಹೆಪಟೈಟಿಸ್ ಬಿಯನ್ನೂ ಹತ್ತಿಕ್ಕಿ ಇಡುತ್ತದೆ, ಫಕ್ಕನೆ ನಿಲ್ಲಿಸಿದರೆ ಅದು ಕೆರಳಬಹುದು. ಎಚ್‌ಐವಿ ಪರೀಕ್ಷೆ ಮಾತ್ರ ಸಾಕು ಅನ್ನುವವರಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಪರೀಕ್ಷೆ, ಸಲಹೆ ಕೊಡುವ ಕೇಂದ್ರ) ಉಚಿತ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೂ ಉಂಟು. ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವ ಹಾಗಿಲ್ಲ ಅಂತ 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಕಾಯ್ದೆ ಮೆಡಿಕಲ್‌ನ ಕೌಂಟರ್ ತನಕ ಬಂದ ಹಾಗೆ ಕಾಣುವುದಿಲ್ಲ, ಅದು ಬೇರೆ ಮಾತು.

ಮೈಗೆ ಆದದ್ದು ಸಣ್ಣದು. ಶುರುವಿನಲ್ಲಿ ವಾಕರಿಕೆ, ಗ್ಯಾಸ್. ರಾತ್ರಿ ಊಟದ ಮೇಲೆ ತಗೊಳ್ಳತೊಡಗಿದ ಮೇಲೆ ಹೋಯಿತು.

ತಲೆಗೆ ಆದದ್ದೇ ದೊಡ್ಡದು. ನಾವು ಶಾಲೆಯಲ್ಲಿದ್ದಾಗ ಡಿಸೆಂಬರ್ 1ಕ್ಕೆ ಜಾಥಾ ಇರುತ್ತಿತ್ತು. ಏಡ್ಸ್ ಮಾರಿ ಅಂತ ಬೋರ್ಡು ಹಿಡಿದು ಬಿಸಿಲಲ್ಲಿ ನಡೆದವರಲ್ಲಿ ನಾನೂ ಒಬ್ಬ. ಗಂಡಸರ ಮೇಲೆ ಮನಸ್ಸಾಗುವುದು ಮತ್ತು ಸಾಯುವುದು, ಎರಡೂ ನನ್ನ ತಲೆಯಲ್ಲಿ ಒಂದೇ ಕಡೆ ಕೂತಿದ್ದವು, ಯಾರನ್ನೂ ಮುಟ್ಟುವ ಮೊದಲೇ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ನಮ್ಮನ್ನು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರಿಂದ ಬಿಡಿಸಿತು, ಖುಷಿಯಾಯಿತು, ಆದರೆ ಯಾರನ್ನಾದರೂ ಭೇಟಿಯಾದ ಮಾರನೇ ದಿನ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡುವುದು, ಕುತ್ತಿಗೆ ಒತ್ತಿ ಗಂಟು ಹುಡುಕುವುದು ನಿಲ್ಲಲಿಲ್ಲ. ಲೈಟು ಆರಿಸಿ, ಹೆಸರು ಕೇಳದೆ, ಬೇಗ ಮುಗಿಸಿ, ಹೊರಟುಬಿಡುವುದು. ನನ್ನ ಸ್ವಭಾವವೇ ಹೀಗೆ ಅಂದುಕೊಂಡಿದ್ದೆ.

ಸ್ವಭಾವ ಅಲ್ಲ ಅಂತ ಮಾತ್ರೆ ತೋರಿಸಿಕೊಟ್ಟಿತು. ಬೆಳಿಗ್ಗೆ ಭಯ ಇಲ್ಲದೆ ಎದ್ದಾಗ ಪಕ್ಕದವನನ್ನು ಚಾ ಕುಡಿಯುತ್ತೀಯಾ ಅಂತ ಕೇಳಲು ಮನಸ್ಸಾಗುತ್ತದೆ. ಅವನ ಊರು ಕುಂದಾಪುರ, ಅವನ ಅಕ್ಕನಿಗೆ ಮದುವೆ ಗೊತ್ತಾಗಿದೆ ಅಂತೆಲ್ಲ ಗೊತ್ತಾಗುತ್ತದೆ.

ಆದರೆ ಭಯ ಪೂರ್ತಿ ಹೋಗಲಿಲ್ಲ, ಇದನ್ನು ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ. ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವಾಗ ಬ್ಯಾಗಿನಲ್ಲಿ ಬಾಟಲಿ ಗಲಗಲ ಅನ್ನುತ್ತದೆ. ಹತ್ತಿ ತುರುಕಿದರೂ ಪಡುಬಿದ್ರಿಯ ಹತ್ತಿರ ಡ್ರೈವರ್ ಬ್ರೇಕ್ ಹಾಕಿದಾಗ ಗಲ್ ಅಂತದೆ, ನನ್ನ ಎದೆಯೂ. ಅಂದರೆ ನಾವು ಎಚ್‌ಐವಿ ಭಯ ಅಂತ ಕರೆಯುತ್ತಿದ್ದದ್ದರಲ್ಲಿ ಅರ್ಧ ಎಚ್‌ಐವಿಯದ್ದಲ್ಲ, ಮನೆಯವರಿಗೆ ಗೊತ್ತಾಗುವ ಭಯ, ಎಲ್ಲರಿಗೂ ಎಲ್ಲರ ಪರಿಚಯ ಇರುವ ಊರಿನ ಭಯ. ಇಷ್ಟು ದಿನ ವೈರಸ್ಸಿನ ತಲೆಗೆ ಕಟ್ಟಿದ್ದೆವು, ಅಷ್ಟೇ.

ನಮ್ಮವರೂ ಕಮ್ಮಿ ಇಲ್ಲ. ಉಡುಪಿಯ ಗೆಳೆಯನೊಬ್ಬ “ಅದು ತಗೊಳ್ಳುವವ ಅಂದ್ರೆ ಊರೆಲ್ಲ ತಿರುಗುವವ ಅಲ್ವಾ?” ಅಂತ ಮುಖಕ್ಕೇ ಕೇಳಿದ. ಇನ್ನು ಕೆಲವರು ಡೇಟಿಂಗ್ ಆ್ಯಪ್‌ನಲ್ಲಿ ಪ್ರೆಪ್ ತಗೊಳ್ಳುತ್ತೇನೆ ಅಂತ ಹಾಕಿ ಸರ್ಟಿಫಿಕೇಟಿನ ಹಾಗೆ ತೋರಿಸುತ್ತಾರೆ, ಎಚ್‌ಐವಿ ಇರುವವರನ್ನು ಮಾತ್ರ ದೂರವೇ ಇಡುತ್ತಾರೆ. ಇದಕ್ಕೆ ಅರ್ಥವೇ ಇಲ್ಲ. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದವರಿಂದ ಸೆಕ್ಸ್‌ನಲ್ಲಿ ಅದು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ಪಾರ್ಟ್‌ನರ್-2 ಅಧ್ಯಯನದಲ್ಲಿ ಇಂಥ ಗೇ ಜೋಡಿಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಒಂದೇ ಒಂದು ಪ್ರಕರಣ ಇಲ್ಲ.

ಅರ್ಧ ಮಾರ್ಕ್ ಕಡಿದದ್ದು ಸಿಫಿಲಿಸ್, ಗೊನೊರಿಯಾಗೆ ಇದು ಏನೂ ಮಾಡುವುದಿಲ್ಲ ಅನ್ನೋದಕ್ಕೆ. ಅವಕ್ಕೆ ಕಾಂಡೋಮೇ ಬೇಕು. ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ತಪ್ಪಿಸಬೇಡಿ. ಆಗೊಮ್ಮೆ ಈಗೊಮ್ಮೆ ಮಾತ್ರ ಅನ್ನುವ ಗಂಡಸರಿಗೆ 2-1-1 ಕ್ರಮ ಉಂಟು: ಸೆಕ್ಸ್‌ಗೆ 2ರಿಂದ 24 ಗಂಟೆ ಮುಂಚೆ ಎರಡು, ಆ ಎರಡು ತಗೊಂಡು 24 ಗಂಟೆಗೆ ಒಂದು, 48ಕ್ಕೆ ಇನ್ನೊಂದು. ಹೆಪಟೈಟಿಸ್ ಬಿ ಇದ್ದವರಿಗೆ ಇದು ಆಗುವುದಿಲ್ಲ, ಡಾಕ್ಟರನ್ನು ಕೇಳಿಯೇ ಮಾಡಿ. ಮಾತ್ರೆಯ ಬದಲು ಆರು ತಿಂಗಳಿಗೊಮ್ಮೆ ತಗೊಳ್ಳುವ ಇಂಜೆಕ್ಷನ್, ಲೆನಾಕಪವಿರ್, ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಪಡೆದಿದೆ. ನಮ್ಮಲ್ಲಿ ಸುಲಭವಾಗಿ ಸಿಗುವ ದಿನ ನಾನು ಕ್ಯೂನ ಎದುರಿಗೇ ಇರುತ್ತೇನೆ.

ಕೊಳ್ಳುವವರಿಗೆ ಒಂದು ಉಪಾಯ: ಸೀದಾ ಅಂಗಡಿಗೆ ಹೋಗಬೇಡಿ. ಚೀಟಿಯ ಫೋಟೊ ವಾಟ್ಸ್ಆ್ಯಪ್ ಮಾಡಿ, ತರಿಸಿಡಲು ಹೇಳಿ, ಬಂದ ಮೇಲೆ ಹೋಗಿ ತನ್ನಿ. ಕೂಗಾಟ ಇರುವುದಿಲ್ಲ.