ಬಣ್ಣ ಕಲಸಲು ಆಭರಣದ ತಕ್ಕಡಿ: ಕೆಲವು ವರ್ಷಗಳ ಬಳಕೆಯ ನಂತರ

ಸ್ಕೇಲ್ ಮಾಡೆಲ್‌ಗಳಿಗೆ, ಅಂದರೆ ವಿಮಾನ, ವಾಹನಗಳ ಪುಟ್ಟ ಪ್ರತಿಕೃತಿಗಳಿಗೆ, ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಬಣ್ಣ ಹಾಕುವವರಲ್ಲಿ ಹೆಚ್ಚಿನವರು ಬಣ್ಣವನ್ನೂ ಅದನ್ನು ತೆಳುಮಾಡುವ ಥಿನ್ನರನ್ನೂ ಹನಿ ಎಣಿಸಿ ಬೆರೆಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ, ಆಭರಣ ತೂಗಲೆಂದು ಮಾರುವ, ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯೊಂದು ನನ್ನ ಕೆಲಸದ ಮೇಜಿನ ಮೇಲಿದೆ. ಸಾವಿರ ರೂಪಾಯಿಯೊಳಗೆ ಸಿಗುವ ಈ ವಸ್ತು ನನ್ನ ಕೆಲಸದ ಗುಣಮಟ್ಟವನ್ನು ಎತ್ತಿದಷ್ಟು, ಏರ್‌ಬ್ರಷ್‌ಗೆ ಗಾಳಿ ಒದಗಿಸುವ, ಇದರ ಎಷ್ಟೋ ಪಟ್ಟು ಬೆಲೆಯ ಕಂಪ್ರೆಸರ್ ಕೂಡ ಎತ್ತಿಲ್ಲ. ಆದರೆ ಬಣ್ಣದ ಕೆಲಸಕ್ಕೆ ಬಹಳ ಅಡ್ಡಿಯಾಗುವ ದೋಷವೊಂದು ಇದರಲ್ಲಿದೆ. ಮಾರಾಟದ ವಿವರಣೆಯಲ್ಲಿ ಅದರ ಸುಳಿವೇ ಇಲ್ಲದಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹನಿಯ ವಿಚಾರ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂಬ ರೂಢಿಯ ಲೆಕ್ಕ ನೀರಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಹನಿಯ ಗಾತ್ರವು ಡ್ರಾಪರ್ ತುದಿಯ ಅಗಲವನ್ನೂ ದ್ರವದ ಮೇಲ್ಮೈ ಸೆಳೆತವನ್ನೂ ಅವಲಂಬಿಸಿರುತ್ತದೆ. ಅಕ್ರಿಲಿಕ್ ಬಣ್ಣವನ್ನು ತೆಳುಮಾಡಲು ಅನೇಕರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನ ಮೇಲ್ಮೈ ಸೆಳೆತ ನೀರಿನದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ಅದೇ ಡ್ರಾಪರಿನಿಂದ ಬೀಳುವ ಆಲ್ಕೊಹಾಲಿನ ಹನಿ ನೀರಿನ ಹನಿಗಿಂತ ಬಹಳ ಚಿಕ್ಕದು. ಹತ್ತು ಹನಿ ಬಣ್ಣಕ್ಕೆ ಹತ್ತು ಹನಿ ಥಿನ್ನರ್ ಹಾಕಿ ಸಮಪ್ರಮಾಣವಾಯಿತೆಂದು ಭಾವಿಸಿದವರ ಬಟ್ಟಲಿನಲ್ಲಿ ವಾಸ್ತವವಾಗಿ ಬಣ್ಣವೇ ಹೆಚ್ಚಿರುತ್ತದೆ, ಏರ್‌ಬ್ರಷ್ ಉಗುಳತೊಡಗಿದಾಗ ಅವರು ದೂರುವುದು ಬಣ್ಣ ಹೊರಬರುವ ತೂತಾದ ನಾಝಲನ್ನು.

ತೆಳುಮಾಡುವುದೊಂದೇ ಆಗಿದ್ದರೆ ಕಣ್ಣಂದಾಜು ಸಾಕು. ಬಟ್ಟಲಿನ ಗೋಡೆಯ ಮೇಲೆ ಹಾಲಿನಂತೆ ಜಾರಿದರೆ ಹದ ಬಂದಿದೆ ಎಂಬ ಹಳೆಯ ಪರೀಕ್ಷೆ ಈಗಲೂ ಸರಿಯಾದದ್ದೇ. ತಕ್ಕಡಿ ನಿಜವಾಗಿ ಬೇಕಾಗುವುದು ಒಂದು ಛಾಯೆಯನ್ನು ಮತ್ತೊಮ್ಮೆ ಹುಟ್ಟಿಸಬೇಕಾದಾಗ. ನಾನು ಹೆಚ್ಚಾಗಿ ಕಟ್ಟುವುದು 1/72 ಅಳತೆಯ ಭಾರತೀಯ ವಾಯುಪಡೆಯ ವಿಮಾನಗಳನ್ನು. ತೇಜಸ್‌ನ ಬೂದುಬಣ್ಣವನ್ನು ತಮಿಯಾ ಕಂಪನಿಯ ಎಕ್ಸ್‌ಎಫ್-2 ಬಿಳಿ, ಎಕ್ಸ್‌ಎಫ್-66 ತಿಳಿಬೂದು ಮತ್ತು ಎಕ್ಸ್‌ಎಫ್-18 ನೀಲಿಗಳಿಂದ ನಾನೇ ಕಲಸಿಕೊಳ್ಳುತ್ತೇನೆ. ಬಿಳಿ 6.00 ಗ್ರಾಂ, ಬೂದು 3.00 ಗ್ರಾಂ, ನೀಲಿ 0.20 ಗ್ರಾಂ ಎಂಬುದು ನನ್ನ ಕಣ್ಣಿಗೆ ಒಪ್ಪಿದ ಅಳತೆ. ಇಲ್ಲಿ ನೀಲಿಯ ಪಾಲು ಬರಿಯ ನಾಲ್ಕೈದು ಹನಿ. ಒಂದು ಹನಿ ಹೆಚ್ಚಾದರೂ ನೀಲಿಯ ಪಾಲು ಸುಮಾರು ಐದನೇ ಒಂದು ಭಾಗದಷ್ಟು ಏರಿ, ರೆಕ್ಕೆಯ ಬಣ್ಣ ಒಡಲಿನ ಬಣ್ಣಕ್ಕಿಂತ ಬೇರೆಯಾಗಿ ಕಾಣುತ್ತದೆ. ಒಡಲಿನ ಸಂದನ್ನು ಪುಟ್ಟಿ ತುಂಬಿ ಮತ್ತೆ ಉಜ್ಜಿದ ಮೇಲೆ, ತಿಂಗಳುಗಳ ಹಿಂದೆ ಬರೆದಿಟ್ಟ ಅಂಕಿಗಳ ಪ್ರಕಾರ ಹೊಸದಾಗಿ ಕಲಸಿದ ಬಣ್ಣವು ಹಳೆಯ ಬಣ್ಣದಲ್ಲಿ ಗಡಿಯೇ ಕಾಣದಂತೆ ಬೆರೆತಾಗ ಆದ ಸಂತೋಷ ಈ ಹವ್ಯಾಸದಲ್ಲಿ ನನಗೆ ಸಿಕ್ಕಿರುವ ದೊಡ್ಡ ಸಂತೋಷಗಳಲ್ಲೊಂದು.

ಕೆಲಸದ ಕ್ರಮ ಈಗ ಕೈಗೆ ರೂಢಿಯಾಗಿದೆ. ಬಣ್ಣದ ಬಾಟಲಿಯನ್ನು ಅಲುಗಾಡಿಸಿದರೆ ಸಾಲದು, ತಳದಲ್ಲಿ ಕೂತ ಗಸಿಯನ್ನು ಉಕ್ಕಿನ ಕಡ್ಡಿಯಿಂದ ಕೆದಕಿ ಎತ್ತಿ, ಕಡ್ಡಿಗೆ ಏನೂ ಅಂಟದಷ್ಟು ಕಲಕಬೇಕು. ಗಸಿ ತಳದಲ್ಲೇ ಉಳಿದರೆ ತೂಕ ಎಷ್ಟು ನಿಖರವಾಗಿದ್ದರೂ ವ್ಯರ್ಥ. ಫ್ಯಾನ್ ಆರಿಸುತ್ತೇನೆ, ಏಕೆಂದರೆ ಗಾಳಿಯ ಒತ್ತಡಕ್ಕೇ ಕೊನೆಯ ಅಂಕಿ ಕುಣಿಯುತ್ತದೆ. ಕೆಮ್ಮಿನ ಔಷಧಿಯ ಬಾಟಲಿಯ ಜೊತೆ ಬರುವ ಪುಟ್ಟ ಅಳತೆಯ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಮೊದಲು ಬಿಳಿ, ಆಮೇಲೆ ಬೂದು, ಕಟ್ಟಕಡೆಗೆ ಗಾಢವಾದ ನೀಲಿ ಹಾಕುತ್ತೇನೆ. ಥಿನ್ನರಿನ ಸರದಿ ಎಲ್ಲಕ್ಕಿಂತ ನಂತರ. 0.3 ಮಿಲಿಮೀಟರಿನ ನಾಝಲ್ ಮತ್ತು ಸುಮಾರು 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡಕ್ಕೆ, 5 ಗ್ರಾಂ ಬಣ್ಣಕ್ಕೆ 4 ಗ್ರಾಂ ಎಕ್ಸ್-20ಎ ಥಿನ್ನರ್ (ತಮಿಯಾ ಕಂಪನಿಯದೇ, ಆಲ್ಕೊಹಾಲು ಬೆರೆತದ್ದು) ನನಗೆ ಹೊಂದಿದೆ. ಏಪ್ರಿಲ್ ತಿಂಗಳ ಒಣ ಸೆಖೆಯಲ್ಲಿ ಬಣ್ಣ ಏರ್‌ಬ್ರಷ್‌ನ ಸೂಜಿಯ ತುದಿಯಲ್ಲೇ ಒಣಗುವುದರಿಂದ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸ್ವಲ್ಪ ಸೇರಿಸುತ್ತೇನೆ, ಅದರ ತೂಕವನ್ನೂ ಬರೆದಿಡುತ್ತೇನೆ. ಥಿನ್ನರ್ ಬಿದ್ದ ನಂತರ ಪರದೆಯನ್ನು ನೋಡುತ್ತಿದ್ದರೆ ನಿಮಿಷಕ್ಕೊಮ್ಮೆ ಎಂಬಂತೆ ಕೊನೆಯ ಅಂಕಿ ಒಂದೊಂದೇ ಇಳಿಯುತ್ತದೆ. ಆರುತ್ತಿರುವ ಆಲ್ಕೊಹಾಲು ಅದು. ಬಟ್ಟಲನ್ನು ತೆರೆದಿಟ್ಟು ಬೇರೆ ಕೆಲಸಕ್ಕೆ ಎದ್ದುಹೋಗಬಾರದು ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ಇನ್ನಾವ ಉಪಕರಣವೂ ನನಗೆ ತೋರಿಸಿಲ್ಲ.

ಇನ್ನು ದೋಷ. ಒಂದೆರಡು ನಿಮಿಷ ತೂಕ ಬದಲಾಗದಿದ್ದರೆ ಈ ತಕ್ಕಡಿ ತಾನಾಗಿಯೇ ಆರಿಹೋಗುತ್ತದೆ. ಬ್ಯಾಟರಿ ಉಳಿಸುವ ಈ ಏರ್ಪಾಡು ಉಂಗುರ ತೂಗುವವರಿಗೆ ಅನುಕೂಲವಾದರೂ, ಮುಂದಿನ ಬಾಟಲಿಯ ಗಸಿ ಕಲಕುತ್ತಿರುವವರಿಗೆ ಕಂಟಕ. ಮತ್ತೆ ಹಚ್ಚಿದರೆ ಬಟ್ಟಲು ಮತ್ತು ಬಣ್ಣದ ಒಟ್ಟು ಭಾರವನ್ನೇ ಸೊನ್ನೆಯೆಂದು ಹಿಡಿಯುತ್ತದೆ, ಅಲ್ಲಿಯವರೆಗಿನ ಲೆಕ್ಕ ಅಳಿಸಿಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಇನ್ನೊಂದು ನಡವಳಿಕೆ. ಸೊನ್ನೆಯ ಆಸುಪಾಸಿನಲ್ಲಿ ಆಗುವ ಅತಿ ಸಣ್ಣ, ನಿಧಾನದ ಬದಲಾವಣೆಯನ್ನು ಯಂತ್ರವು ತನ್ನದೇ ಅಲುಗಾಟವೆಂದು ಎಣಿಸಿ ಮತ್ತೆ ಸೊನ್ನೆಗೆ ಎಳೆದುಕೊಳ್ಳುತ್ತದೆ. ನೀಲಿ ಹಾಕುವ ಮುನ್ನ ಸೊನ್ನೆ ಮಾಡುವ ಟೇರ್ ಗುಂಡಿ ಒತ್ತಿ, ಹಲ್ಲುಕಡ್ಡಿಯ ತುದಿಯಿಂದ ಕಣಕಣವಾಗಿ ಸೇರಿಸಿದರೆ ಪರದೆ 0.00 ಎಂದೇ ತೋರಿಸುತ್ತಿರುತ್ತದೆ, ಅಷ್ಟರಲ್ಲಿ ಬಟ್ಟಲಿನ ಛಾಯೆ ತಿರುಗಿರುತ್ತದೆ. ಅತಿ ಹೆಚ್ಚು ನಿಖರತೆ ಬೇಕಾದ ಘಟ್ಟದಲ್ಲಿಯೇ ಯಂತ್ರ ಸುಳ್ಳು ಹೇಳುವುದು ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಂಗತಿ. ಕೈಪಿಡಿಯೆಂದು ಕೊಟ್ಟಿರುವ ಮಡಿಚಿದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಪರಿಹಾರ ಸರಳವಾಗಿದೆ. ಖಾಲಿ ಬಟ್ಟಲಿಗೆ ಒಮ್ಮೆ ಮಾತ್ರ ಸೊನ್ನೆ ಒತ್ತಿ, ಆಮೇಲೆ ಪ್ರತಿ ಬಣ್ಣದ ನಂತರ ಒಟ್ಟು ತೂಕವನ್ನು ಬರೆದುಕೊಳ್ಳುತ್ತ ಹೋಗಬೇಕು: 6.00, 9.00, 9.20. ಪರದೆ ಸೊನ್ನೆಯಿಂದ ದೂರವಿರುವುದರಿಂದ ನನ್ನ ತಕ್ಕಡಿ ಆಗ ಸಣ್ಣ ಸೇರ್ಪಡೆಯನ್ನೂ ಸರಿಯಾಗಿ ತೋರಿಸುತ್ತದೆ. ನಡುವೆ ಆರಿದರೂ ಹಾಳೆಯಲ್ಲಿ ಒಟ್ಟು ಇರುವುದರಿಂದ ಅಲ್ಲಿಂದ ಮುಂದುವರಿಯಬಹುದು. ಈ ಅಭ್ಯಾಸ ಬಂದ ಮೇಲೆ ನನ್ನ ಸಿಟ್ಟು ಬಹಳಮಟ್ಟಿಗೆ ಇಳಿದಿದೆ. ತಕ್ಕಡಿ ದಾರಿ ತಪ್ಪಿದೆಯೇ ಎಂದು ನೋಡಲು ತೂಕದ ಬಟ್ಟನ್ನೇ ಕೊಳ್ಳಬೇಕೆಂದಿಲ್ಲ. 2011ರಲ್ಲಿ ಬಂದ ಶ್ರೇಣಿಯ ಐದು ರೂಪಾಯಿಯ ನಾಣ್ಯದ ನಿಗದಿತ ತೂಕ 6 ಗ್ರಾಂ, ಒಂದು ರೂಪಾಯಿಯದು 3.79 ಗ್ರಾಂ. ಹೆಚ್ಚು ಸವೆಯದ ನಾಣ್ಯಗಳನ್ನು ಆರಿಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಬೇರೆಯವರು ಗಾತ್ರದ ಪ್ರಮಾಣದಲ್ಲಿ ಕೊಟ್ಟ ಮಿಶ್ರಣವನ್ನು ನೇರವಾಗಿ ಗ್ರಾಮಿಗೆ ಇಳಿಸಬಾರದು. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಂದ್ರ, ಆಲ್ಕೊಹಾಲು ಮಿಲಿಲೀಟರಿಗೆ ಸುಮಾರು 0.79 ಗ್ರಾಂ ಮಾತ್ರ. ಸೂಜಿ ತೆಗೆದ 1 ಮಿಲಿಲೀಟರಿನ ಸಿರಿಂಜಿನಲ್ಲಿ ಪ್ರತಿಯೊಂದು ಬಣ್ಣವನ್ನೂ ಒಮ್ಮೆ ಅಳೆದು ತೂಗಿ, ಆ ಅಂಕಿಯನ್ನು ಬಾಟಲಿಯ ಮುಚ್ಚಳದ ಮೇಲೆ ಬರೆದಿಟ್ಟರೆ ಆಮೇಲಿನ ಲೆಕ್ಕ ಸುಲಭ.

ವ್ಯಾಲೆಹೊ ಮಾಡೆಲ್ ಏರ್‌ನಂತಹ, ಏರ್‌ಬ್ರಷ್‌ಗೆಂದೇ ತೆಳುಮಾಡಿ ಬರುವ ಬಣ್ಣಗಳನ್ನು ಬಾಟಲಿಯಿಂದ ನೇರವಾಗಿ ಸುರಿದುಕೊಂಡು ಬಳಸುವವರಿಗೆ ಈ ತಕ್ಕಡಿಯ ಅಗತ್ಯವಿಲ್ಲ, ಆ ಹಣಕ್ಕೆ ಇನ್ನೆರಡು ಬಾಟಲಿ ತರಬಹುದು. ಸ್ವಂತ ಛಾಯೆ ಕಲಸುವವರು ಖಂಡಿತ ಕೊಳ್ಳಲಿ. ಸಾಧ್ಯವಾದರೆ, ತಾನಾಗಿ ಆರುವುದನ್ನು ನಿಲ್ಲಿಸುವ ಆಯ್ಕೆ ಇದೆಯೇ ಎಂದು ಕೇಳಿ, ಇರುವ ಮಾದರಿಗೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ತರಿಸಿಕೊಳ್ಳಲಿ.