ನಾಯಿಗಳಿಗೆ ಕಲಿಸುವ ಕೆಲಸ: ಮನೆಮನೆಗೆ ಹೋಗುವುದಾ, ಗುಂಪಿಗೆ ಕಲಿಸುವುದಾ?

ಮುಂಬೈಯಲ್ಲಿ ಈ ಕೆಲಸಕ್ಕೆ ಇಳಿಯಬೇಕು ಅಂತಿರುವ ಮಾಟುಂಗಾದ ಗೆಳತಿ ಕೇಳಿದ ಪ್ರಶ್ನೆ ಇದು. ನಾನು ಎರಡನ್ನೂ ಮಾಡಿದ್ದೇನೆ.

ಗುಂಪಿನಲ್ಲಿ ದುಡ್ಡು ಬೇಗ ಹುಟ್ಟುತ್ತದೆ. ಆರು ಮರಿ, ಒಂದು ಗಂಟೆ, ಓಡಾಟ ಕಡಿಮೆ. ಕರೆದರೆ ಬರುವುದು, ಬೇರೆ ನಾಯಿ ಕಂಡರೂ ಸುಮ್ನೆ ಇರುವುದು, ಇಷ್ಟಕ್ಕೆ ಗುಂಪೇ ಸರಿ. ಆದರೆ ಅಂಜುವ ನಾಯಿಯನ್ನು ಅಲ್ಲಿಗೆ ಸೇರಿಸಬೇಡಿ. ತುಂಬಾ ಹೆದರಿದ ನಾಯಿ ಎಷ್ಟೋ ಸಲ ಚಿಕನ್ ತುಂಡನ್ನೂ ಮೂಸುವುದಿಲ್ಲ, ಇನ್ನು ಕಲಿಯುವುದೆಲ್ಲಿ?

ಮನೆ ಭೇಟಿ ಅಂದರೆ ದೂರದ ಡೊಂಬಿವಲಿಗೆ ಲೋಕಲ್ ರೈಲಿನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯಿತು ಅಂತಲೇ ಲೆಕ್ಕ. ಆದರೆ ತೊಂದರೆ ಹುಟ್ಟುವ ಜಾಗ ಅಲ್ಲೇ ಇರುತ್ತದೆ: ಲಿಫ್ಟ್, ಕಾಲಿಂಗ್ ಬೆಲ್, ಬಾಲ್ಕನಿ. ಪಟಾಕಿಗೆ ನಡುಗುವ ನಾಯಿಗೆ ದೀಪಾವಳಿಗೆ ಒಂದೆರಡು ತಿಂಗಳ ಮುಂಚೆಯೇ ರೆಕಾರ್ಡ್ ಮಾಡಿದ ಸದ್ದನ್ನು ತೀರಾ ಸಣ್ಣಗೆ ಹಾಕಿ, ಸದ್ದಿನ ಬೆನ್ನಿಗೇ ತಿನಿಸು ಕೊಟ್ಟು, ಅದು ಆರಾಮಾಗಿದ್ದರೆ ಮಾತ್ರ ಸದ್ದನ್ನು ಒಂಚೂರು ಜಾಸ್ತಿ ಮಾಡುತ್ತಾ ಹೋಗಬೇಕು. ಮನೆಯವರೂ ಕಲಿಯಬೇಕು. ಒಬ್ಬರು ಸೋಫಾದಿಂದ ಇಳಿಸಿ, ಇನ್ನೊಬ್ಬರು ಹತ್ತಿಸಿದರೆ ನಾಯಿ ಏನು ಮಾಡಬೇಕು, ಅಲ್ವಾ?

ಎರಡು ಕಡೆಯೂ ಯಾರಾದರೂ ಶಾಕ್ ಕಾಲರ್, ಅಂದರೆ ನಾಯಿಗೆ ಕರೆಂಟ್ ಹೊಡೆಸುವ ಕೊರಳಪಟ್ಟಿ, ಕೇಳಿಯೇ ಕೇಳುತ್ತಾರೆ. ಅದು ಬೇಡ. ಅಮೆರಿಕದ ಪಶುವೈದ್ಯರ ವರ್ತನಾ ಸಂಘ 2021ರಲ್ಲೇ ಬಹುಮಾನದ ವಿಧಾನವಷ್ಟೇ ಸಾಕು ಅಂದಿದೆ. ಹೊಸದಾಗಿ ಕಚ್ಚಲು ಶುರು ಮಾಡಿದ ನಾಯಿಯನ್ನು ಮೊದಲು ಡಾಕ್ಟರ್ ಹತ್ತಿರ ಕಳಿಸಿ, ನೋವಿರಬಹುದು.

ಗೆಳತಿಗೆ ಹೇಳಿದ್ದು: ಮೊದಲ ವರ್ಷ ಗುಂಪು, ಜೊತೆಗೆ ಹತ್ತಿರದ ಎರಡೇ ಮನೆ.